ರೆಕ್ಕೆಯ ಸರ್ಪವೂ ನಮ್ಮ ಮನೆಯ ಗುಗ್ಗಳವೂ

ಒಬ್ಬ ಮನುಷ್ಯನ ಸಂಸ್ಕಾರ ಎಂಥದೆಂದು ತಿಳಿಯಬೇಕಾದರೆ ಅವನು ಏಕಾಂತದಲ್ಲಿ ಯಾವ ಸಂಗೀತ ಕೇಳುತ್ತಾನೆ ಎಂಬುದನ್ನು ಗಮನಿಸಬೇಕು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯ ಸಂಸ್ಕಾರ ತಿಳಿಯಲು ಯಾರೂ ಇಷ್ಟು ಕಷ್ಟಪಡಬೇಕಾಗಿರಲಿಲ್ಲ. ತೊಂಬತ್ತೆಂಟರ ಬೇಸಿಗೆಯಲ್ಲಿ ಅದು ಬೆಳಿಗ್ಗೆ ಆರಕ್ಕೆ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಓಣಿಗೂ ಹಿಂದಿನ ಓಣಿಗೂ ಹಾಲು ಹಾಕುವ ಗೌರಮ್ಮನ ಎಮ್ಮೆಗಳಿಗೂ ಸಮಾನವಾಗಿ ಕೇಳಿಸುತ್ತಿತ್ತು. ಅದನ್ನು ಕೇಳಿ ಎಮ್ಮೆಗಳು ಹಾಲು ಕಡಿಮೆ ಮಾಡಿದವೆಂದು ಗೌರಮ್ಮ ದೂರಿದ್ದಳು. ಆ ಬೇಸಿಗೆ ನಲ್ಲಿಯಲ್ಲಿ ನೀರೂ ಕಡಿಮೆ ಬರುತ್ತಿತ್ತು. ಹಾಲು ಕಡಿಮೆಯಾದದ್ದಕ್ಕೆ ಇದೇ ಹೆಚ್ಚು ಕಾರಣವೆಂದು ನನ್ನ ಅನುಮಾನ.

ಇದೆಲ್ಲ ನೆನಪಾದದ್ದು ಕಳೆದ ತಿಂಗಳು, ಪಿ.ಜೆ. ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಸ್ಕೂಟರಿನ ಬ್ರೇಕು ಸರಿಮಾಡಿಸುವಾಗ. ಮೆಕ್ಯಾನಿಕ್ ಹುಡುಗ ಗೋಡೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಅದೇ ಆಲ್ಬಮ್ ಹಾಕಿಕೊಂಡಿದ್ದ. ಅವನ ವಯಸ್ಸು ಆ ಆಲ್ಬಮ್ಮಿನ ಅರ್ಧದಷ್ಟೂ ಇರಲಿಲ್ಲ. ಆದರೂ ಅವನ ಎಣ್ಣೆ ಮೆತ್ತಿದ ಬನಿಯನ್ನಿನ ಮೇಲೆ ಅದರ ಕವರಿನದೇ ರೆಕ್ಕೆಯ ಸರ್ಪ ಹಾರುತ್ತಿತ್ತು. ನನ್ನ ಮುಖ ನೋಡಿ, ಅಂಕಲ್ ಕಿರಿಕಿರಿ ಆಗ್ತೈತೇನ್ರಿ, ಬಂದ್ ಮಾಡ್ಲಾ ಎಂದು ಕೇಳಿದ. ಇರಲಿ ಬಿಡಪ್ಪ ಎಂದೆ. ಅಷ್ಟರಲ್ಲಿ ಕುತ್ತಿಗೆ ತನ್ನಷ್ಟಕ್ಕೆ ತಾನೇ ಅಲ್ಲಾಡತೊಡಗಿತು. ಕೈಯಿಂದ ಹಿಡಿದುಕೊಂಡು, ಹುಡುಗ ಮತ್ತೆ ನೋಡಿದಾಗ, ನೋವು ಎಂದೆ.

ಆ ಆಲ್ಬಮ್ಮಿನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಬಲ್ಲವರಿಗೆ ಹೇಳಬೇಕಾಗಿಲ್ಲ, ಅರಿಯದವರಿಗೆ ಹೇಳಿ ಉಪಯೋಗವಿಲ್ಲ. ಮೇಲಾಗಿ ಇದನ್ನು ನಮ್ಮ ಬೀಗರ ಕಡೆಯವರೂ ಓದುವ ಸಂಭವವಿದೆ. ಇಷ್ಟು ಹೇಳಬಹುದು: ನಾನು ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಯಾವುದೋ ಚಳಿಯ ದೇಶದ ಕೆಲವು ಉದ್ದಕೂದಲಿನ ಗಂಡಸರು ಸೇರಿ ಮಾಡಿದ ಹಾರ್ಡ್ ರಾಕ್ ಅದು. ಕವರಿನ ಮೇಲೆ ಬೆಂಕಿ ಹತ್ತಿದ ಕೋಟೆ, ಕೋಟೆಯ ಮೇಲೆ ರೆಕ್ಕೆಯುಳ್ಳ ಸರ್ಪ, ಸರ್ಪದ ಮೇಲೆ ಕಿರೀಟ ಧರಿಸಿ ಅಂಗಿ ಧರಿಸದೆ ಕುಳಿತ ಒಬ್ಬ ಅರಸ. ಹಾಡುಗಳಲ್ಲಿಯೂ ಇವರದೇ ಸಮಾಚಾರ. ಮಂತ್ರವಾದಿಗಳು, ಶಾಪ ತಗಲಿದ ಕತ್ತಿಗಳು, ಕತ್ತಲೆಯ ಕಾಡುಗಳು. ಆಫೀಸಿಗೆ ಹೋಗುವ ವಯಸ್ಸಿನವರು ಕೇಳತಕ್ಕ ವಿಷಯ ಒಂದೂ ಅದರಲ್ಲಿರಲಿಲ್ಲ.

ನಾನಾಗ ಊರಂಚಿನ ಕರೂರಿನ ಒಂದು ಪೈಪಿನ ಫ್ಯಾಕ್ಟರಿಯಲ್ಲಿ ಗುಮಾಸ್ತ. ಎಣ್ಣೆ ಹಚ್ಚಿ ಬಾಚಿದ ತಲೆ, ದಪ್ಪ ಗಾಜಿನ ಕನ್ನಡಕ, ಭಾವಗೀತೆಗಳಲ್ಲಿ ಅಭಿರುಚಿಯುಳ್ಳ ಹುಡುಗ ಎಂಬ ಹೆಸರು. ಈ ಹೆಸರಿಗೆ ಧಕ್ಕೆ ತಂದವನು ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ, ಉತ್ತರದ ಕಡೆಯ ಮೆಡಿಕಲ್ ವಿದ್ಯಾರ್ಥಿ. ಓದು ಮುಗಿಸಿ ಊರಿಗೆ ಹೊರಟಾಗ ಆತ ಒಂದು ಬಕೀಟು, ಒಂದು ಮೊಣಕೈ ಮೂಳೆ ಮತ್ತು ಈ ಕ್ಯಾಸೆಟ್ಟನ್ನು ಬಿಟ್ಟುಹೋದ. ಬಕೀಟನ್ನು ಅವ್ವ ಇಟ್ಟುಕೊಂಡಳು. ಮೂಳೆಯನ್ನು ಹರಿಹರದ ಹೊಳೆಗೆ ಬಿಟ್ಟು ಬಂದೆವು. ಕ್ಯಾಸೆಟ್ಟು ನನ್ನ ಪಾಲಿಗೆ ಬಂತು. ಕುತೂಹಲಕ್ಕೆಂದು ಒಮ್ಮೆ ಹಾಕಿದೆ. ಆಮೇಲೆ ಬಾಗಿಲು ಹಾಕಿಕೊಂಡು, ಸೌಂಡು ಸಣ್ಣಗಿಟ್ಟು, ದಿನಾ ಹಾಕಿದೆ.

ಯಾಕೆ ಎಂದು ಈಗ ವಿಚಾರ ಮಾಡಿದರೆ ಒಂದೇ ಉತ್ತರ ಹೊಳೆಯುತ್ತದೆ. ಆ ಜನ ಸರ್ಪದ ಬಗ್ಗೆ ಹಾಡುವಾಗ ಅದಿದೆ ಎಂದು ನಂಬಿಯೇ ಹಾಡುತ್ತಿದ್ದರು. ಎಲ್ಲಿಯೂ ಕೇಳುವವರ ಕಡೆ ತಿರುಗಿ, ಇದೆಲ್ಲ ತಮಾಷೆಗೆ, ತಪ್ಪು ತಿಳೀಬ್ಯಾಡ್ರಿ ಎಂದು ಹಲ್ಲು ಕಿರಿಯುವುದಿಲ್ಲ. ನಾನಾದರೋ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಾಗಲೂ ಯಾರು ನೋಡುತ್ತಿದ್ದಾರೆ ಎಂದು ಹಿಂದೆ ತಿರುಗುವ ಮನುಷ್ಯ. ಇಡೀ ಕ್ಯಾಸೆಟ್ಟಿನಲ್ಲಿ ನಾಚಿಕೆ ಎಂಬ ಪದಾರ್ಥವೇ ಇರಲಿಲ್ಲ. ಆ ಕೊರತೆಯನ್ನು ಬಾಗಿಲ ಹಿಂದೆ ಕುಳಿತು ನಾನೊಬ್ಬನೇ ತುಂಬಿಕೊಡುತ್ತಿದ್ದೆ.

ಅಷ್ಟೇ ಅಲ್ಲ. ಡ್ರಮ್ಮು ಬೀಳುವಲ್ಲಿ ತಲೆಯನ್ನು ಮುಂದಕ್ಕೂ ಹಿಂದಕ್ಕೂ ಕೊಡವುವ ಅಭ್ಯಾಸವೂ ಆಗಿತ್ತು. ಮೆಡಿಕಲ್ ಹುಡುಗ ಹಾಗೆ ಮಾಡುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೆ. ಒಂದು ದಿನ ನನ್ನನ್ನು ಅದೇ ಕಿಟಕಿಯಿಂದ ಅಪ್ಪ ನೋಡಿದರು. ತಲ್ಯಾಗ ಇರುವಿ ಹೊಕ್ಕಾವೇನು ಎಂದು ಕೇಳಿದರು. ಹೌದು ಎಂದೆ.

ಅಪ್ಪನಿಗೆ ಟೇಪು ಹಾಡುತ್ತಿರುವುದು ಕೇಳಿಸಿರಲಿಲ್ಲ. ಊರಿನ ಒಂದು ಬಟ್ಟೆ ಗಿರಣಿಯಲ್ಲಿ, ಮಗ್ಗಗಳ ಮಧ್ಯೆ, ಅದು ಬಾಗಿಲು ಹಾಕುವವರೆಗೂ ದುಡಿದವರು. ಗಿರಣಿ ಅವರ ಕಿವಿಯನ್ನು ಮುಕ್ಕಾಲು ಪಾಲು ತಾನೇ ಇಟ್ಟುಕೊಂಡು ಅವರನ್ನು ಮನೆಗೆ ಕಳಿಸಿತ್ತು. ಮಗ್ಗದ ಗದ್ದಲದಲ್ಲಿ ದುಡಿದವರೆಲ್ಲರಂತೆ ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ತಾವು ಆಡುವ ಮಾತನ್ನು ಮಾತ್ರ ಇನ್ನೂ ಗಿರಣಿಯೊಳಗೇ ಇದ್ದಂತೆ ಕೂಗಿ ಆಡುತ್ತಿದ್ದರು.

ಕಿವಿ ಹೋದದ್ದಕ್ಕೆ ಅವರು ಗಿರಣಿಯನ್ನು ಬೈದದ್ದಿಲ್ಲ. ಅವರ ದುಃಖವೇ ಬೇರೆ. ಅಪ್ಪ ಪುರವಂತರು. ನಮ್ಮ ಕಡೆ ವೀರಭದ್ರ ಮನೆದೇವರಾದವರಲ್ಲಿ ಮದುವೆಗೆ ಮುಂಚೆ ಗುಗ್ಗಳ ಹೊರಡಿಸುವ ಪದ್ಧತಿ. ಗಡಿಗೆಯಲ್ಲಿ ಕೆಂಡವಿಟ್ಟು ಗುಗ್ಗುಳದ ಹೊಗೆ ಹಾಕಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಮುಂದೆ ಪುರವಂತರು ಕತ್ತಿ ಹಿಡಿದು ದಕ್ಷಬ್ರಹ್ಮನ ಯಜ್ಞ ಹಾಳಾದ ಕಥೆಯನ್ನು ಒಡಪಾಗಿ, ಎಂದರೆ ಪ್ರಾಸದ ವೀರನುಡಿಗಳಾಗಿ, ಆರ್ಭಟಿಸುತ್ತಾರೆ. ಒಂದು ಒಡಪು ಮುಗಿದೊಡನೆ ಸಮಾಳ ಎಂಬ ಜೋಡಿ ಚರ್ಮವಾದ್ಯ ಬಾರಿಸುತ್ತದೆ, ಪುರವಂತರು ಕುಣಿಯುತ್ತಾರೆ. ಸಮಾಳ ನಿಂತ ಗಳಿಗೆಗೆ ಹೆಜ್ಜೆಯೂ ನಿಲ್ಲಬೇಕು. ಕೆಲವು ವರ್ಷಗಳ ಹಿಂದೆ ಯಾರದೋ ಗುಗ್ಗಳದಲ್ಲಿ ಸಮಾಳ ನಿಂತ ಮೇಲೂ ಅಪ್ಪ ಕುಣಿಯುತ್ತಲೇ ಇದ್ದರು. ಜನ ನಕ್ಕರು. ಆ ನಗೆ ಅಪ್ಪನಿಗೆ ಕೇಳಿಸಲಿಲ್ಲ, ಕಾಣಿಸಿತು. ಅಂದಿನಿಂದ ಕತ್ತಿ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ದೇವರ ಗೂಡಿನ ಪಕ್ಕ ಮಲಗಿತ್ತು.

ಆ ವರ್ಷ ನನ್ನ ತಂಗಿ ಸುಮಾಳ ಮದುವೆ ಹರಿಹರದ ಹುಡುಗನೊಂದಿಗೆ ಗಟ್ಟಿಯಾಯಿತು. ಬೀಗರು ಚನ್ನಬಸಪ್ಪನವರು ಹರಿಹರದ ಒಂದು ಕಾರ್ಖಾನೆಯಲ್ಲಿ ಅಧಿಕಾರಿ. ಇಸ್ತ್ರಿ ಮಾಡಿದ ಕರವಸ್ತ್ರ ಇಟ್ಟುಕೊಳ್ಳುವವರು. ಗುಗ್ಗಳ ಇರಲಿ, ಆದರೆ ಚೊಕ್ಕ ಇರಲಿ, ಪುರವಂತರನ್ನು ನಾವೇ ನೋಡುತ್ತೇವೆ ಎಂದರು. ನಮಗೆ ಹಾಯೆನಿಸಿತು. ಅಪ್ಪ ಅವರ ತುಟಿ ನೋಡುತ್ತ ಕುಳಿತಿದ್ದರು.

ಏಪ್ರಿಲ್ ತಿಂಗಳ ಒಂದು ರಜಾದಿನ. ಮಧ್ಯಾಹ್ನ ಕರೆಂಟು ಹೋಗಿತ್ತು. ಮದುವೆಯ ಮನೆಯೆಂದು ಸುಮಾ ಧೂಳು ಹೊಡೆಯುತ್ತಿದ್ದಳು. ಟೇಪ್ ರೆಕಾರ್ಡರನ್ನೂ ಒರೆಸಿದಳು, ಒರೆಸುವಾಗ ಸೌಂಡಿನ ಗುಂಡಿ ಕೊನೆಯವರೆಗೂ ತಿರುಗಿತು. ನಾನು ಒಳಗೆ ಕ್ಯಾಸೆಟ್ಟು ಬಿಟ್ಟು, ಒತ್ತಿದ ಗುಂಡಿಯನ್ನು ಎತ್ತದೆ ಊಟಕ್ಕೆ ಕುಳಿತಿದ್ದೆ. ಕರೆಂಟು ಬಂತು. ಸರ್ಪವೂ ಅರಸನೂ ಒಟ್ಟಿಗೆ ಹೊರಬಿದ್ದರು. ಅವ್ವನ ಕೈಯಿಂದ ಸಾರಿನ ಸೌಟು ಜಾರಿತು.

ನಾನು ಎದ್ದು ಓಡುವಷ್ಟರಲ್ಲಿ ಅಪ್ಪ, ಅಂಗಳದಲ್ಲಿ ಬೆನ್ನು ಮಾಡಿ ಕುಳಿತಿದ್ದವರು, ಕತ್ತು ತಿರುಗಿಸಿದರು. ಅವ್ವ ಬೆನ್ನ ಹಿಂದೆ ನಿಂತು ಕೂಗಿದರೂ ತಿರುಗದ ಮನುಷ್ಯ ಒಂದು ಶಬ್ದಕ್ಕೆ ತಿರುಗಿದ್ದನ್ನು ನಾವು ಎಷ್ಟೋ ವರ್ಷದ ಮೇಲೆ ನೋಡಿದೆವು. ಒಳಗೆ ಬಂದು ಟೇಪಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

"ಸಮಾಳ ಯಾರದು?"

"ಅದು ಇಂಗ್ಲಿಷಪ್ಪ" ಎಂದೆ.

"ಭಾಷಿ ಕೇಳಿಲ್ಲ ನಾನು. ಬಾರಿಸೋನು ಯಾರು?"

ಯಾರೋ ಬಿಳಿಯರು ಎಂದೆ. ಹೊಡೆತ ಚಲೋ ಐತೆ, ಕೈ ಒಣಗೈತೆ ಎಂದರು. ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಆಮೇಲೆ ಕವರನ್ನು ಕೈಗೆತ್ತಿಕೊಂಡು ಕಥೆ ಏನೆಂದು ಕೇಳಿದರು. ಮನೆಮಂದಿಯ ಮುಂದೆ ನಿಂತು ಹೇಳಬೇಕಾಯಿತು: ಒಬ್ಬ ಅರಸ ಎಲ್ಲರನ್ನೂ ಔತಣಕ್ಕೆ ಕರೆಯುತ್ತಾನೆ, ಒಬ್ಬನನ್ನು ಮಾತ್ರ ಕರೆಯುವುದಿಲ್ಲ. ಆ ಅವಮಾನಕ್ಕೆ ಆತ ಬೆಂಕಿ ಉಗುಳುವ ಸರ್ಪವನ್ನು ಹುಟ್ಟಿಸಿ ಕಳಿಸಿ ಔತಣದ ಮನೆ ಸುಡಿಸುತ್ತಾನೆ.

ಅಪ್ಪ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ದಕ್ಷಬ್ರಹ್ಮನ ಯಜ್ಞ ಅಲ್ಲೇನಲೇ ಇದು? ಇಷ್ಟು ದಿನ ಬಾಗಲಾ ಹಾಕ್ಕೊಂಡು ಇದನ್ನ ಕೇಳಿದ್ದಾ?"

ಮರುದಿನ ಬೆಳಿಗ್ಗೆ ಆರಕ್ಕೆ ಕತ್ತಿ ಕೆಂಪು ವಸ್ತ್ರದಿಂದ ಹೊರಬಂತು. ಔತಣದ ಕಥೆಯ ಆ ಉದ್ದನೆಯ ಹಾಡಿನ ರಚನೆಯೂ ಅಪ್ಪನಿಗೆ ಹೇಳಿ ಮಾಡಿಸಿದಂತಿತ್ತು. ಗಾಯಕ ಕಥೆ ಹೇಳುವಾಗ ಡ್ರಮ್ಮು ತಗ್ಗುತ್ತದೆ. ಆಗ ಇವರ ಒಡಪು. ಗಿಟಾರು ಎದ್ದಾಗ ಡ್ರಮ್ಮು ಕೆರಳುತ್ತದೆ. ಆಗ ಕುಣಿತ. ಆಮೇಲೆ ಎಲ್ಲವೂ ಕಡಿದಂತೆ ನಿಲ್ಲುತ್ತದೆ, ಹೆಜ್ಜೆಯೂ. ಮಗಳ ಗುಗ್ಗಳಕ್ಕೆ ತಾವೇ ಒಡಪು ಹೇಳುವುದೆಂದು ಅಪ್ಪ ತೀರ್ಮಾನಿಸಿದ್ದರು, ನಮ್ಮ ಯಾರ ತುಟಿಯನ್ನೂ ನೋಡದೆ.

ತೊಂದರೆ ಒಂದಿತ್ತು. ಕತ್ತಿ ಹಿಡಿದು ಕುಣಿಯುವಾಗ ಅಂಗೈಯನ್ನು ಪೆಟ್ಟಿಗೆಯ ಮೇಲಿಡಲಾಗದು. ಅಪ್ಪ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಆವತ್ತು ಕ್ವಾಣ್ಯಾಗ ತಲಿ ಕೊಡವ್ತಿದ್ದೆಲ್ಲ, ಹಂಗ ಕೊಡವು, ನನಗ ಲಯ ಕಣ್ಣಿಗೆ ಕಾಣ್ತೈತೆ ಎಂದರು. ಕಿಟಕಿಯ ಹೊರಗೆ ಗೌರಮ್ಮ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ನನ್ನ ಕೈಲಿ ಆಗಲ್ಲಪ್ಪ ಎಂದೆ. ಅವರು ಒತ್ತಾಯಿಸಲಿಲ್ಲ. ಟೇಪನ್ನು ಹಲಗೆಯ ಮಂಚದ ಮೇಲಿಟ್ಟು ತಾವೂ ಅದೇ ಮಂಚ ಹತ್ತಿದರು. ಲಯ ಈಗ ಪಾದದಿಂದ ಏರಿತು. ಐವತ್ತು ದಾಟಿದ ಗಂಡಸು, ಕೈಯಲ್ಲಿ ಕತ್ತಿ, ಮಂಚದ ಮೇಲೆ, ಹಾರ್ಡ್ ರಾಕಿಗೆ ದಕ್ಷನ ತಲೆ ಹಾರಿಸುತ್ತಿದ್ದರು.

ಮಾನ ಹೋಗುವುದು ಒಮ್ಮೆಲೇ ಅಲ್ಲ, ಕಂತಿನಲ್ಲಿ. ಪಕ್ಕದ ಮನೆಯಾಕೆ ಅವ್ವನಿಗೆ ಸದ್ದು ಮಾಡುವ ಗ್ರೈಂಡರು ರಿಪೇರಿ ಮಾಡುವವನ ವಿಳಾಸ ಕೊಟ್ಟಳು. ಎದುರುಮನೆಯ ಮೇಷ್ಟ್ರು ನನ್ನನ್ನು ಕಂಡರೆ ಸೈಕಲ್ಲು ತಿರುಗಿಸತೊಡಗಿದರು. ಆಫೀಸಿನಲ್ಲಿ ಒಬ್ಬರು, ನಿಮ್ಮಪ್ಪಾರು ಇಂಗ್ಲಿಷ್ ಪುರಾಣ ಹೇಳ್ತಾರಂತಲ್ರಿ, ನಮ್ಮ ಮೊಮ್ಮಗನ ತೊಟ್ಟಿಲಿಗೆ ಬರ್ತಾರೇನು ಎಂದರು. ಮತ್ತು ಒಂದು ಬೆಳಿಗ್ಗೆ, ಜವಳಿ ತೆಗೆಯುವ ದಿನ ಗೊತ್ತುಮಾಡಲು, ಚನ್ನಬಸಪ್ಪನವರು ಹೇಳಿಕಳಿಸದೆ ಬಂದರು. ಬಾಗಿಲಲ್ಲಿ ನಿಂತು ಮಂಚ ನೋಡಿದರು, ಕತ್ತಿ ನೋಡಿದರು, ಟೇಪಿನ ಪಕ್ಕ ಒರಗಿಸಿದ್ದ ಅಂಗಿಯಿಲ್ಲದ ಅರಸನನ್ನು ನೋಡಿದರು. ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಬರ್ರಿ, ಕೂಡ್ರಿ ಎಂದು ಅವ್ವ ಚಾಪೆ ಹಾಸಿದಳು. ನಾನು ಟೇಪು ಆರಿಸಿದೆ. ಅಪ್ಪ ಮಂಚದಿಂದ ಇಳಿಯದೆ ಕೂಗಿ ಹೇಳಿದರು:

"ಬೀಗ್ರೇ, ನನ್ನ ಮಗಳ ಗುಗ್ಗಳಕ್ಕ ಒಡಪು ನಾನ ಹೇಳ್ತೀನ್ರಿ. ನಿಮ್ಮ ಪುರವಂತ್ರೂ ನಿಂತಿರ್ಲಿ. ಹೆಜ್ಜಿ ತಪ್ಪಿದ್ರ ಅಲ್ಲೇ ಅವರ ಕೈಯಾಗ ಕತ್ತಿ ಕೊಟ್ಟುಬಿಡ್ತೀನಿ. ಮತ್ತ ಮುಟ್ಟಲ್ಲ."

ಚನ್ನಬಸಪ್ಪನವರು ಸಭ್ಯರು. ಕತ್ತಿ ಹಿಡಿದವರ ಮಾತಿಗೆ ಎದುರಾಡಲಿಲ್ಲ. ಚಹಾ ಕುಡಿದು ಹೋದರು. ಅವರ ಸ್ಕೂಟರಿನ ಸದ್ದು ಓಣಿ ದಾಟಿದ ಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಸಣ್ಣ ದನಿಯಲ್ಲಿ, ಇವರು ಮದುವಿ ದಿನ ನಮ್ಮ ಮಾನ ಕಳೀತಾರ ನೋಡು ಎಂದೆ. ದನಿ ಎಷ್ಟು ಸಣ್ಣದಾದರೇನು, ಅಪ್ಪ ಅಂಗಳದ ಆ ಕಡೆಯಿಂದ ನನ್ನ ತುಟಿ ನೋಡುತ್ತಿದ್ದರು.

ಮರುದಿನ ಆರಕ್ಕೆ ಓಣಿ ನಿಶ್ಶಬ್ದವಾಗಿತ್ತು. ಎದ್ದು ನೋಡಿದರೆ ಅಪ್ಪ ನೆಲಕ್ಕೆ ಕುಳಿತು, ಟೇಪಿನ ಸೌಂಡನ್ನು ಪಿಸುಮಾತಿನಷ್ಟಿಟ್ಟು, ಅದರ ಜಾಲರಿಗೆ ಎರಡೂ ಅಂಗೈ ಒತ್ತಿ, ತುಟಿಯನ್ನಷ್ಟೇ ಅಲ್ಲಾಡಿಸಿ ಒಡಪು ಹೇಳುತ್ತಿದ್ದರು. ನಾನು ಸೌಂಡು ಏರಿಸಿದೆ. ಅವರು ಇಳಿಸಿದರು. "ಬ್ಯಾಡ. ಮಂದಿಗೆ ತ್ರಾಸ ಆಗ್ತೈತೆ" ಎಂದರು. ಮಂದಿ ಎಂದರೆ ಯಾರೆಂದು ಹೇಳಲಿಲ್ಲ. ಗೌರಮ್ಮ ಕೂಡ ಕೇಳಿದಳು, ಯಾಕ್ರೀ ಇವತ್ತು ಹಾಡಿಲ್ಲ, ಹುಷಾರಿಲ್ಲೇನು ಎಂದು. ಮದುವೆಯವರೆಗೂ ಅವರು ಹಾಗೆಯೇ ಅಭ್ಯಾಸ ಮಾಡಿದರು. ನಾನು ಆ ಹೊತ್ತಿಗೆ ಸ್ನಾನಕ್ಕೆ ಹೋಗುವುದನ್ನು ರೂಢಿಸಿಕೊಂಡೆ.

ಮೇ ತಿಂಗಳಲ್ಲಿ ಹರಿಹರದ ಹೊಳೆ ಹೊಳೆಯೆನ್ನಿಸಿಕೊಳ್ಳಲು ಸಾಕಾಗುವಷ್ಟೇ ಹರಿಯುತ್ತಿತ್ತು. ಉಳಿದದ್ದು ಉಸುಕು. ಗಂಗೆ ಪೂಜೆ ಮಾಡಿ ಅಲ್ಲಿಂದಲೇ ಗುಗ್ಗಳ ಕಲ್ಯಾಣಮಂಟಪಕ್ಕೆ ಹೊರಡಬೇಕು. ಬಿಸಿಲು ಏರುವ ಮುಂಚೆ ಮುಗಿಸೋಣ ಎಂದು ಎಲ್ಲರೂ ಹೇಳುತ್ತ ಬಿಸಿಲು ಏರಿಸಿದ್ದರು. ಗಡಿಗೆಯ ಹೊಗೆ ಕಣ್ಣಿಗೆ ಹತ್ತುತ್ತಿತ್ತು. ಅಪ್ಪ ಕೆಂಪು ನಿಲುವಂಗಿ ತೊಟ್ಟು, ಎದೆಗೆ ವೀರಭದ್ರನ ಹಲಗೆ ಕಟ್ಟಿ, ವಿಭೂತಿ ಬಳಿದು ನಿಂತಿದ್ದರು. ಪಕ್ಕದಲ್ಲಿ ಕರಾರಿನಂತೆ ಹರಿಹರದ ಪುರವಂತರು, ಸೌಮ್ಯ ಮುಖದ ಒಬ್ಬ ಯುವಕ.

ಬೀಗರು ವಿಡಿಯೋ ಹೇಳಿದ್ದರು. ವಿಡಿಯೋದವನು ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, ಸಮಾಳದವರು ಅಡ್ಡ ಬರ್ತಾರೆ, ಹಿಂದಕ್ಕೆ ಹೋಗ್ರಿ, ಇನ್ನೂ ಹಿಂದಕ್ಕೆ ಎಂದು ಅವರನ್ನು ಹೆಂಗಸರ ಗುಂಪಿನಾಚೆಗೆ ಅಟ್ಟಿದ. ಅದರ ಅರ್ಥ ನನಗೆ ಆಗಲೇ ಹೊಳೆಯಿತು. ಸಮಾಳ ಹತ್ತಿರವಿದ್ದರೆ ಅದರ ಗುದ್ದು ಅಪ್ಪನ ಎದೆಗೆ ತಾಕುತ್ತಿತ್ತು. ಈಗ ಅಷ್ಟು ದೂರ. ಕಾಲ ಕೆಳಗೆ ಹಲಗೆಯ ಮಂಚವೂ ಇಲ್ಲ, ಬರೀ ಉಸುಕು. ಹೇಳಬೇಕೆಂದು ಬಾಯಿ ತೆರೆದೆ. ಚನ್ನಬಸಪ್ಪನವರು ನನ್ನ ಕಡೆ ನೋಡಿದರು, ಮುಚ್ಚಿಕೊಂಡೆ.

ಮೊದಲ ಒಡಪನ್ನು ಅಪ್ಪ ಹೇಳಿದ ರೀತಿಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಎದ್ದು ನಿಂತರು. ಸಮಾಳ ಹೊಡೆಯಿತು, ಅಪ್ಪ ಕುಣಿದರು. ಸಮಾಳ ನಿಂತಿತು, ಅಪ್ಪ ಕುಣಿಯುತ್ತಲೇ ಇದ್ದರು.

ಎರಡು ಹೆಜ್ಜೆ, ಮೂರು ಹೆಜ್ಜೆ. ಕಾಲ್ಗೆಜ್ಜೆ ಮಾತ್ರ ಝಲ್ ಎನ್ನುತ್ತಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಉಸುಕು ನೋಡುತ್ತಿದ್ದೆ. ಅಷ್ಟು ಸಾಕಾಯಿತು ಅವರಿಗೆ, ತುಟಿ ಬೇಕಾಗಲಿಲ್ಲ. ನಿಂತರು. ಕತ್ತಿಯನ್ನು ತಿರುಗಿಸಿ, ಹಿಡಿಕೆಯನ್ನು ಮುಂದೆ ಮಾಡಿ, ಹರಿಹರದ ಪುರವಂತರ ಕಡೆ ಚಾಚಿದರು. ಆ ಯುವಕ ಕೈ ಮುಂದೆ ಮಾಡಲಾರದೆ ತನ್ನ ರುಮಾಲು ಸರಿಮಾಡಿಕೊಳ್ಳತೊಡಗಿದ. ಮುಜುಗರ ಮುಚ್ಚಲೆಂದೋ ಏನೋ, ದೂರದಲ್ಲಿ ಸಮಾಳದವರು ಮತ್ತೆ ಬಾರಿಸಲು ಶುರುಮಾಡಿದರು.

ಅದು ಅಪ್ಪನಿಗೆ ಗೊತ್ತಾಗಲಿಲ್ಲ. ಅಲ್ಲಿದ್ದವರಲ್ಲಿ ಅದನ್ನು ಅವರಿಗೆ ಗೊತ್ತುಮಾಡುವ ವಿದ್ಯೆ ಇದ್ದದ್ದು ಒಬ್ಬನಿಗೆ ಮಾತ್ರ, ಆ ವಿದ್ಯೆಯನ್ನು ಅವನು ಕಲಿತದ್ದು ಬಾಗಿಲು ಹಾಕಿದ ಕೋಣೆಯಲ್ಲಿ. ನಾನು ಎರಡು ಹೆಜ್ಜೆ ಮುಂದೆ ಹೋಗಿ, ಅಪ್ಪನ ಎದುರು ನಿಂತು, ಸಮಾಳದ ಹೊಡೆತಕ್ಕೆ ಸರಿಯಾಗಿ ತಲೆ ಕೊಡವಿದೆ. ಮೊದಲು ಸಣ್ಣಗೆ. ಕಾಣಿಸಲಿಲ್ಲವೆಂದು ತೋರಿ ಜೋರಾಗಿ. ಆಮೇಲೆ ಚಳಿಯ ದೇಶದ ಆ ಉದ್ದಕೂದಲಿನವರೂ ಮೆಚ್ಚುವಂತೆ, ಸೊಂಟ ಬಗ್ಗಿಸಿ. ಕನ್ನಡಕ ಹಾರಿ ಉಸುಕಿಗೆ ಬಿತ್ತು. ಎಣ್ಣೆ ಹಚ್ಚಿದ ಕೂದಲು ಮುಖಕ್ಕೆ ಬಂತು. ಕನ್ನಡಕವಿಲ್ಲದ ನನಗೆ ಕೆಂಪು ನಿಲುವಂಗಿಯೊಂದು ಅಲುಗಿದ್ದು ಮಬ್ಬಾಗಿ ಕಂಡಿತು. ಆಮೇಲೆ ಗೆಜ್ಜೆ, ಹೊಡೆತದ ಮೇಲೇ.

ಸಮಾಳ ನಿಂತಾಗ ತಲೆ ನಿಲ್ಲಿಸಿದೆ. ಗೆಜ್ಜೆಯೂ ನಿಂತಿತು, ಕಡಿದಂತೆ.

"ತಮ್ಮಗ ದೇವ್ರು ಬಂತು" ಎಂದಳು ಒಬ್ಬ ಮುದುಕಿ.

ನಾನು ಅಲ್ಲ ಎನ್ನುವಷ್ಟರಲ್ಲಿ ಹಣೆಗೆ ವಿಭೂತಿ ಬಿತ್ತು, ಕಾಲಿಗೆ ಕೊಡ ನೀರು ಬಿತ್ತು. ಬಂದಾಕೆ, ಹೋದಾಕೆ ಎಲ್ಲರೂ ನಮಸ್ಕರಿಸತೊಡಗಿದರು. ಪೈಪಿನ ಫ್ಯಾಕ್ಟರಿಯ ಗುಮಾಸ್ತ, ಹಾರ್ಡ್ ರಾಕಿಗೆ ತಲೆ ಕೊಡವಲು ಕಲಿತವನು, ವೀರಭದ್ರನೆನ್ನಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತಿದ್ದೆ. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಉಸುಕಾದ್ದರಿಂದ ಪಾದದ ಮಟ್ಟಿಗೆ ಬಿಟ್ಟಿತು. ಅಷ್ಟರಲ್ಲಿ ಗುಂಪು ಸರಿಸಿಕೊಂಡು ಚನ್ನಬಸಪ್ಪನವರು ಬಂದರು. ಇಸ್ತ್ರಿ ಕರವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು, ವಯಸ್ಸಿನಲ್ಲಿ ನನ್ನ ತಂದೆಯಂಥವರು, ನನಗೆ ಕೈಮುಗಿದರು.

"ನಮ್ಮ ಕಡಿಯಿಂದ ಏನರ ತಪ್ಪಾಗೈತೇನು, ತಂದೆ?"

ಅಲ್ಲಿ ನಿಜ ಹೇಳುವ ದಾರಿಯೊಂದಿತ್ತು. ಅಪ್ಪನ ಕೈಯಲ್ಲಿ ಕತ್ತಿ ಇನ್ನೂ ಹಿಡಿಕೆ ಯಾರ ಕಡೆಗೆಂದು ತಿಳಿಯದಂತೆ ಅಡ್ಡಲಾಗಿತ್ತು. ದೇವರು ಮಾತಾಡುವ ದನಿ ಹೇಗಿರುತ್ತದೋ ನನಗೆ ತಿಳಿಯದು. ನನ್ನ ದನಿಯಲ್ಲೇ ಹೇಳಿದೆ:

"ಸಮಾಳದೋರನ್ನ ಮುಂದ ಕರೀರಿ."

ಚನ್ನಬಸಪ್ಪನವರು ವಿಡಿಯೋದವನ ಮೇಲೆ ಹಾಯ್ದರು. ಸಮಾಳದವರು ಓಡಿಬಂದು ಅಪ್ಪನ ಎದೆಗೆ ಒಂದು ಮಾರು ದೂರದಲ್ಲಿ ನಿಂತು ಬಾರಿಸಿದರು. ಅಪ್ಪ ಎದೆಯ ಮೇಲಿನ ವೀರಭದ್ರನ ಹಲಗೆಗೆ ಅಂಗೈ ಇಟ್ಟು ನೋಡಿಕೊಂಡು, ಕತ್ತಿಯ ಹಿಡಿಕೆಯನ್ನು ತಮ್ಮ ಕಡೆ ತಿರುಗಿಸಿದರು. ಹರಿಹರದ ಪುರವಂತರು ಎಲ್ಲರಿಗಿಂತ ಮೊದಲು ಅಪ್ಪನಿಗೆ ಕೈಮುಗಿದರು. ಕಲ್ಯಾಣಮಂಟಪದವರೆಗೂ ಒಂದು ಹೆಜ್ಜೆ ತಪ್ಪಲಿಲ್ಲ. ಅಪ್ಪ ದಾರಿಯುದ್ದಕ್ಕೂ ಮಧ್ಯೆ ಮಧ್ಯೆ ನನ್ನ ಕಡೆ ನೋಡುತ್ತಿದ್ದರು. ನೋಡಿದಾಗಲೆಲ್ಲ ಕೊಡವಬೇಕಾಗುತ್ತಿತ್ತು.

ಮದುವೆ ಮುಗಿಸಿ ಟೆಂಪೋದಲ್ಲಿ ದಾವಣಗೆರೆಗೆ ಹಿಂತಿರುಗುವಾಗ ನಾನು ಅವರ ಪಕ್ಕ ಕುಳಿತು ಕುತ್ತಿಗೆ ನೀವಿಕೊಳ್ಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಆಡಿದ ಮಾತಿನ ಬಗ್ಗೆ ಏನಾದರೂ ಹೇಳಬೇಕೆಂದು ಅವರ ಕಡೆ ತಿರುಗಿ, ತುಟಿ ಕಾಣುವಂತೆ, ಅಪ್ಪಾ ಅಂದೆ. ಮುಂದಿನದು ಬರಲಿಲ್ಲ. ಅವರು ಟೆಂಪೋದಲ್ಲಿದ್ದ ಎಲ್ಲರಿಗೂ ಕೇಳುವಂತೆ, "ನಿನ್ನ ತಲಿ ಒಂಚೂರು ತಡ ಬೀಳ್ತೈತೆ ನೋಡು. ರೂಢಿ ಮಾಡ್ಕೋ" ಎಂದರು.

ಅಪ್ಪ ಆಮೇಲೂ ಹಲವು ವರ್ಷ ಒಡಪು ಹೇಳಿದರು. ಎಲ್ಲ ಗುಗ್ಗಳಗಳಿಗೂ ನಾನು ಹೋಗಬೇಕಾಯಿತು.